ಸುಭದ್ರಮ್ಮ ಡಾಟ್ ಕಾಮ್

ಅಲ್ಲ ಅತ್ತಿಗೆ, ಬಾಗಿಲಲ್ಲೇ ನಿಂತು ಹಾಗೆ ನೋಡಿದ್ರೆ ನಾನು ಏನಂತ ತಿಳ್ಕೊಳ್ಳಲಿ? ಒಳಗೆ ಬನ್ನಿ. ಚೀಲ ಇತ್ತ ಕೊಡಿ... ಕೊಡಲ್ವಾ? ಸರಿ. ಭದ್ರಾವತಿಯಿಂದ ಇಲ್ಲೀತನಕ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದಿದ್ದೀರಿ, ಇನ್ನು ನಾಲ್ಕು ಹೆಜ್ಜೆಗೆ ಮೈದುನನ ಸಹಾಯ ಯಾಕೆ! ಆ ಕುರ್ಚಿ ಬೇಡ, ಅದು ಬಾಗಿಲಿಗೆ ಎದುರು. ರಸ್ತೆ ಧೂಳೆಲ್ಲ ಮುಖಕ್ಕೇ ಬರುತ್ತೆ. ಈ ಕಡೆ, ಪ್ರಿಂಟರ್ ಹಿಂದೆ, ತಂಪಾಗಿದೆ... ಬಾಗಿಲೆದುರೇ ಕೂತ್ರಾ. ಒಳ್ಳೇದು. ಅಲ್ಲೇ ಕೂತ್ಕೊಳ್ಳಿ.

ಕಾಫಿ ತರಿಸ್ತೀನಿ. ಬೇಡ್ವಾ? ಟೀ? ಅದೂ ಬೇಡ್ವಾ? ಬಾದಾಮಿ ಹಾಲು ಸಿಗುತ್ತೆ ಪಕ್ಕದಲ್ಲಿ... ಕೈ ಹಾಗೆ ಅಡ್ಡ ಮಾಡಿದ್ರೆ ಏನರ್ಥ? ನನ್ನ ಅಂಗಡೀಲಿ ಒಂದು ತೊಟ್ಟು ನೀರೂ ಮುಟ್ಟಲ್ಲ ಅಂತಾನಾ? ಆಯ್ತು. ಅಷ್ಟು ಸಿಟ್ಟು ಬಂದಿದೆ ಅಂದ್ರೆ ಆಯ್ತು. ಬೈದುಬಿಡಿ, ಮುಗಿದು ಹೋಗ್ಲಿ. ನಿಮ್ಮ ಬೈಗುಳ ನನಗೆ ಹೊಸದಲ್ಲ. ಪಿಯುಸಿ ಓದುವಾಗ ಎರಡು ವರ್ಷ ನಿಮ್ಮ ಕ್ವಾರ್ಟರ್ಸಲ್ಲಿ ಊಟದ ಜೊತೆಗೆ ಅದನ್ನೂ ತಿಂದು ಬೆಳೆದವನು ನಾನು.

ಮಾತೇ ಆಡಲ್ವಾ? ಹ್ಞಾಂ. ಗೊತ್ತಾಯ್ತು ಬಿಡಿ.

ನೀವು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತು. ಹೋದ ವಾರ ಸೌಂದರ್ಯ ಫೋನ್ ಮಾಡಿ 'ಚಿಕ್ಕಪ್ಪ, ಈಗ ವೆಬ್‌ಸೈಟಿನ ಹೆಸರು ಕನ್ನಡ ಅಕ್ಷರದಲ್ಲೇ ಸಿಗುತ್ತಂತೆ, ಅಮ್ಮನ ಉಪ್ಪಿನಕಾಯಿಗೆ ಅಮ್ಮನ ಹೆಸರಲ್ಲೇ ಒಂದು ಮಾಡ್ಬಹುದಾ' ಅಂತ ಕೇಳಿದ್ಲಲ್ಲ, ಆಗ್ಲೇ ಅಂದ್ಕೊಂಡೆ, ಇದು ಇಲ್ಲಿಗೆ ಬಂದು ನಿಲ್ಲುತ್ತೆ ಅಂತ. ಬೆಳಗ್ಗೆ ಅಣ್ಣ ಬೇರೆ ಫೋನ್ ಮಾಡಿದ. 'ಶಿವರಾಜ, ನಿಮ್ಮ ಅತ್ತಿಗೆ ಬರ್ತಿದಾಳೆ, ಒಂದು ವಿಷಯ ಏನಂದ್ರೆ' ಅಂತ ಶುರು ಮಾಡಿದ. ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಈ ಮೊಬೈಲ್ ಕಂಪನಿಗಳು ಹಾಗೇ ಅತ್ತಿಗೆ, ಬೇಕಾದಾಗ ಸಿಗಲ್ಲ, ಬೇಡವಾದಾಗ... ಅಂದ್ರೆ, ಬೇಕಾದಾಗ ಸಿಗಲ್ಲ ಅಷ್ಟೆ.

ಹೌದು. ಕನ್ನಡದಲ್ಲಿ ಹೆಸರು ಸಿಗುತ್ತೆ. ಆದ್ರೆ ನಿಮ್ಮದು ಸಿಗಲ್ಲ. ಯಾರೋ ಆಗ್ಲೇ ತಗೊಂಡಿದಾರೆ. ಹೇಳ್ಬಿಟ್ಟೆ ನೋಡಿ, ಒಂದೇ ಏಟಿಗೆ. ಮುಚ್ಚುಮರೆ ನನ್ನ ಜಾಯಮಾನದಲ್ಲೇ ಇಲ್ಲ.

ಹುಬ್ಬು ಮೇಲೆ ಹೋಯ್ತು! ನಿಮ್ಮ ಹೆಸರು ಇನ್ನೊಬ್ಬರು ಹೇಗೆ ತಗೋತಾರೆ ಅಂತ ತಾನೆ? ಅದೇ ಮಜಾ. ನಿಮಗೆ ನಾಮಕರಣ ಮಾಡಿದವರು ತೊಟ್ಟಿಲು ತೂಗಿ, ಕಿವೀಲಿ ಮೂರು ಸಲ ಹೇಳಿ, ಊರಿಗೆಲ್ಲ ಊಟ ಹಾಕಿದ್ರು. ಅದೆಲ್ಲ ಲೆಕ್ಕಕ್ಕೆ ಬರಲ್ಲ. ಇಂಟರ್‌ನೆಟ್ಟಲ್ಲಿ ಕಾನೂನು ಒಂದೇ, ಯಾರು ಮೊದ್ಲು ಬಂದ್ರೋ ಅವರಿಗೆ. ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಬಸ್ಸು ನಿಲ್ಲೋಕೆ ಮುಂಚೆ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡೀತಾರಲ್ಲ, ಥೇಟ್ ಅದೇ. ಆಮೇಲೆ ಬಸುರಿ ಬರ್ಲಿ, ಮುದುಕಿ ಬರ್ಲಿ, ಬಸ್ಸಿನ ಮಾಲೀಕನ ತಾಯಿಯೇ ಬರ್ಲಿ, ಕರ್ಚೀಫ್ ಯಾರದ್ದೋ ಸೀಟು ಅವರದ್ದು. ಇದಕ್ಕೆ ಅವರು ಇಟ್ಟಿರೋ ಹೆಸರು ಪಾಲಿಸಿ.

ಈ ಪಾಲಿಸಿ ಸರಿಯಿಲ್ಲ ಅಂತ ಮೊದ್ಲು ಬಾಯಿಬಿಟ್ಟವನೇ ನಾನು. ಬೆಂಗಳೂರಲ್ಲಿ ಸಭೆ ಆಯ್ತಲ್ಲ ಹೋದ ವರ್ಷ? ಕನ್ನಡ ಹೆಸರುಗಳಿಗೆ ಏನೇನು ನಿಯಮ ಇರ್ಬೇಕು ಅಂತ ಅಭಿಪ್ರಾಯ ಕೇಳೋ ಸಭೆ. ಇಡೀ ಜಿಲ್ಲೆಯಿಂದ ಕರೆದಿದ್ದು ನನ್ನೊಬ್ಬನನ್ನೇ. ಡಿಟಿಪಿ ಮತ್ತು ಬ್ರೌಸಿಂಗ್ ಸೆಂಟರಿನವನು, ತಳಮಟ್ಟದ ಅನುಭವ ಇದೆ ಅಂತ. ಪೇಪರಲ್ಲಿ ಫೋಟೋ ಬಂದಿತ್ತು. ನೀವೇ ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿದ್ರಿ. ಮರೆತ್ರಾ?

ಆ ಸಭೆ ನೋಡ್ಬೇಕಿತ್ತು ಅತ್ತಿಗೆ! ಒಬ್ಬರು ಎದ್ದು, ಹಳಗನ್ನಡದ ಅಕ್ಷರಗಳಿಗೂ ವೆಬ್ ವಿಳಾಸದಲ್ಲಿ ಜಾಗ ಕೊಡ್ಬೇಕು ಅಂದ್ರು. ನೂರಾರು ವರ್ಷದಿಂದ ಯಾರೂ ಮುಟ್ಟದ ಅಕ್ಷರ. ಕೊಡೋಣ, ಶಾಸನ ಕೆತ್ತಿಸಿದ ರಾಜರು ಯಾರಾದ್ರೂ ವೆಬ್‌ಸೈಟ್ ಮಾಡೋಕೆ ಬಂದ್ರೆ ಬೇಕಾಗುತ್ತೆ ಅಂತ ನಾನೂ ಕೈ ಎತ್ತಿದೆ. ಇನ್ನೊಬ್ಬರು ಕನ್ನಡ ಅಂಕಿ ಬಿಡ್ಬೇಕಾ ಬೇಡ್ವಾ ಅಂತ ತೆಗೆದ್ರು. ಅದು ಊಟದ ಹೊತ್ತಿನ ತನಕ ಎಳೀತು. ಊಟಕ್ಕೆ ಹೋಳಿಗೆ ಇದೆ ಅಂತ ಯಾರೋ ಬಂದು ಹೇಳಿದ ಮೇಲೆ ಒಮ್ಮತ ಬಂತು. ಏನು ಒಮ್ಮತ ಅಂತ ಮಾತ್ರ ಯಾರಿಗೂ ನೆನಪಿಲ್ಲ. ಮಧ್ಯಾಹ್ನ ಕಣ್ಣಿಗೇ ಕಾಣದ ಅಕ್ಷರದ ಚರ್ಚೆ! ಹೌದು, ಅಂಥದ್ದೂ ಒಂದಿದೆ. ಅದಕ್ಕೆ ಆಕಾರ ಇಲ್ಲ, ಉಚ್ಚಾರ ಇಲ್ಲ, ಎರಡು ಅಕ್ಷರದ ನಡುವೆ ಸುಮ್ನೆ ಕೂತು ಅವು ಒಂದಕ್ಕೊಂದು ಅಂಟದ ಹಾಗೆ ನೋಡ್ಕೊಳ್ಳುತ್ತೆ. ಒಟ್ಟು ಕುಟುಂಬದಲ್ಲಿ ಅಜ್ಜಿ ಇದ್ದ ಹಾಗೆ. ಅದನ್ನ ವಿಳಾಸದಲ್ಲಿ ಬಿಟ್ರೆ ಒಂದೇ ಥರ ಕಾಣೋ ಎರಡು ಹೆಸರಾಗುತ್ತೆ, ಬಿಡದಿದ್ರೆ ಕೆಲವು ಹೆಸರು ಕೆಡುತ್ತೆ. ನಾಲ್ಕು ಗಂಟೆ ತನಕ ಆ ಕಾಣದ ಅಕ್ಷರವನ್ನ ಎಲ್ಲರೂ ಕಣ್ಣಾರೆ ಕಂಡವರ ಹಾಗೆ ಮಾತಾಡಿದ್ರು.

ನಗಲ್ವಾ? ಮೊದಲೆಲ್ಲ ನಾನು ಹೀಗೆ ಹೇಳಿದ್ರೆ ಸೆರಗು ಬಾಯಿಗೆ ಒತ್ಕೊಂಡು ನಗ್ತಿದ್ರಿ.

ಕೊನೆಗೆ ನಾನು ಎದ್ದು ನಿಂತೆ. 'ಸ್ವಾಮಿ, ಸತ್ತ ಅಕ್ಷರಗಳ ಚಿಂತೆ ಆಮೇಲೆ ಮಾಡೋಣ. ಬದುಕಿರೋರ ಹೆಸರಿನ ಗತಿ ಏನು? ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಸ್ವಂತ ಹೆಸರಲ್ಲಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರ್ತಾರೆ. ನಾಳೆ ಯಾರೋ ಬಂದು ಅವರ ಹೆಸರನ್ನೇ ಹಿಡ್ಕೊಂಡ್ರೆ?' ಅಂದೆ. ಚಪ್ಪಾಳೆ ಅತ್ತಿಗೆ! ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷರು, ಟ್ರೇಡ್‌ಮಾರ್ಕ್ ಇರೋರಿಗೆ ರಕ್ಷಣೆ ಕೊಡೋಣ, ಮಿಕ್ಕಿದ್ದು ಮೊದ್ಲು ಬಂದವರಿಗೆ ಅಂದ್ರು. ನಿಮ್ಮ ಹತ್ರ ಟ್ರೇಡ್‌ಮಾರ್ಕ್ ಎಲ್ಲಿದೆ? ಇರೋದು ಕೈರುಚಿ. ಅದನ್ನ ಯಾವ ಕಚೇರೀಲಿ ನೋಂದಾಯಿಸ್ತೀರಿ? ಅಣ್ಣ ಒಂದ್ಸಲ ಮಾಡಿಸೋಣ ಅಂತ ಹೊರಟಿದ್ದ. ಯಾರೋ ಬೇಡ ಅಂದ್ರಂತೆ. ಉಪ್ಪಿನಕಾಯಿಗೆಲ್ಲ ಯಾಕೆ ಅಂತ... ನಾನಾ? ನಾನೇ ಇರ್ಬಹುದು. ಆಗ ಯಾರಿಗೆ ಗೊತ್ತಿತ್ತು!

ಈಗ ಯಾಕೆ ಬಾಯಿ ಮೇಲೆ ಬೆರಳಿಟ್ರಿ? ಸುಮ್ನಿರು ಅಂತಾನಾ? ಸುಮ್ನಿದ್ರೆ ನಿಮಗೆ ವಿಷಯ ತಿಳಿಯೋದು ಹೇಗೆ? ಕೇಳಿ ಪೂರ್ತಿ.

ಯಾರು ತಗೊಂಡಿರ್ಬಹುದು ಅಂದ್ರೆ, ಅಮೆರಿಕಾದಲ್ಲಿ ಇದೇ ಕಸುಬಾಗಿ ಕೂತಿರೋರು ಇದಾರೆ. ಪ್ರಪಂಚದ ಎಲ್ಲ ಭಾಷೆಯ ಹೆಸರುಗಳನ್ನ ರಾಶಿ ರಾಶಿ ಹಿಡ್ಕೊಂಡು, ಬೇಕಾದವರು ಬಂದು ಕೈಮುಗೀಲಿ ಅಂತ ಕಾಯೋದು. ಅಂಥವನೊಬ್ಬ ಇರ್ಬೇಕು. ಅವನಿಗೆ ಸುಭದ್ರಮ್ಮ ಅಂದ್ರೆ ಯಾರು ಅಂತ ಏನು ಗೊತ್ತು? ಕಂಪ್ಯೂಟರಿಗಂತೂ ಮೊದಲೇ ಗೊತ್ತಿಲ್ಲ. ಅದಕ್ಕೆ ಅಕ್ಷರ ಅಂದ್ರೆ ನಂಬರು.

ನಾನು ಈ ವಿನೋಬನಗರದಲ್ಲಿ ಅಂಗಡಿ ಇಟ್ಟಾಗ ಒಂದೊಂದು ಡಿಟಿಪಿ ಅಂಗಡಿಗೆ ಒಂದೊಂದು ನಂಬರಿನ ಕನ್ನಡ. ನಾನು ಟೈಪ್ ಮಾಡಿದ ಲಗ್ನಪತ್ರಿಕೇನ ಎದುರಿನ ಅಂಗಡೀಲಿ ತೆರೆದ್ರೆ ವರನ ಜಾಗದಲ್ಲಿ ಡಾಲರ್ ಗುರುತು, ವಧುವಿನ ಜಾಗದಲ್ಲಿ ಪ್ರಶ್ನೆ ಗುರುತು. ಕೆಲವು ಮದುವೆಗೆ ಅದೇ ಸರಿಯಾಗಿತ್ತು ಅನ್ನಿ. ಆಮೇಲೆ ಯೂನಿಕೋಡ್ ಅಂತ ಬಂತು. ಲೋಕದ ಅಕ್ಷರಕ್ಕೆಲ್ಲ ಸೈಟು ಹಂಚಿ, ಕನ್ನಡಕ್ಕೂ ಒಂದು ಬಡಾವಣೆ ಕೊಟ್ರು. ಆ ಕಡೆ ಗೋಡೆಗೆ ತೆಲುಗು, ಈ ಕಡೆ ಗೋಡೆಗೆ ಮಲಯಾಳ. ನಿಮ್ಮ ನ್ಯೂಟೌನ್ ಕ್ವಾರ್ಟರ್ಸ್ ಇದ್ದ ಹಾಗೆ. ಅಲ್ಲಿಗೂ ಮುಗೀಲಿಲ್ಲ. ವೆಬ್ ವಿಳಾಸದ ಆಫೀಸಿಗೆ ಇಂಗ್ಲಿಷ್ ಬಿಟ್ರೆ ಬೇರೆ ತಿಳಿಯಲ್ಲ. ಹಾಗಾಗಿ ನೀವು ಕನ್ನಡದಲ್ಲಿ ಸುಭದ್ರಮ್ಮ ಅಂತ ಹೊಡೆದ್ರೆ ಅದು ಒಳಗಿಂದೊಳಗೆ ವೇಷ ಬದಲಾಯಿಸಿ, ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಆಗಿ ಹೋಗಿ ನಿಲ್ಲುತ್ತೆ. ಅದನ್ನ ನೋಡಿದ್ರೆ ನಿಮ್ಮ ಹೆತ್ತತಾಯಿಗೂ ಗುರುತು ಸಿಗಲ್ಲ. ಮಾರಾಟಕ್ಕಿರೋದು ಆ ಚಿತ್ರಾನ್ನ ಅತ್ತಿಗೆ, ನೀವಲ್ಲ. ಯಾಕೆ ಮನಸ್ಸಿಗೆ ಹಚ್ಕೋತೀರಿ?

ಮಾರಾಟ ಅಂದ್ನಾ? ಮಾತಿಗೆ ಅಂದೆ.

ಅಲ್ಲಿ ಏನು ತೋರಿಸ್ತಿದೀರಿ? ಗೋಡೆ... ಕ್ಯಾಲೆಂಡರ್? ಓ! ತಾರೀಖೂ ಗೊತ್ತಾಯ್ತಾ ನಿಮಗೆ? ನೋಡಿ, ಸೌಂದರ್ಯ ಎಷ್ಟು ಚುರುಕು. ಸರಿ, ಹೌದು, ಆ ಹೆಸರಿನ ಒಂದು ವರ್ಷದ ಗಡುವು ಈ ವಾರ ಮುಗಿಯುತ್ತೆ. ಆದ್ರೆ ಮುಗಿದ ತಕ್ಷಣ ನಿಮಗೆ ಸಿಗುತ್ತೆ ಅಂತಿಲ್ಲ. ತಗೊಂಡವನು ನವೀಕರಿಸಬಹುದು. ಈಗಾಗ್ಲೇ ನವೀಕರಿಸಿದಾನೆ. ಶುಕ್ರವಾರ ಬೆಳಗ್ಗೆ... ಹೇಗೆ ಗೊತ್ತು ಅಂತೀರಾ? ನೋಡ್ಬಹುದು ಅತ್ತಿಗೆ. ಯಾರು ಬೇಕಾದ್ರೂ ನೋಡ್ಬಹುದು, ಎಲ್ಲ ಪಾರದರ್ಶಕ. ಯಾರ ಹೆಸರಲ್ಲಿದೆ ಅಂತಾನೂ ಬರುತ್ತೆ. ಅಂದ್ರೆ... ಕೆಲವು ಸಲ ಬರಲ್ಲ. ಈ ಕಂಪ್ಯೂಟರಲ್ಲಿ ಬರಲ್ಲ. ಇದು ಸ್ವಲ್ಪ ಹಳೇದು.

ಅಮೆರಿಕಾದವನು ಅಲ್ಲದೇನೂ ಇರ್ಬಹುದು. ಆಂಧ್ರದ ಕಡೆಯವನೇ ಅಂತ ನನ್ನ ಅನುಮಾನ. ತೆಲುಗು ಅಕ್ಷರ, ಕನ್ನಡ ಅಕ್ಷರ ಅಣ್ಣತಮ್ಮಂದಿರ ಹಾಗೆ ಕಾಣ್ತವಲ್ಲ, ಒಬ್ಬರ ಅಂಗಿ ಒಬ್ಬರು ಹಾಕ್ಕೊಂಡು ಓಡಾಡಿದ್ರೆ ಗೊತ್ತೇ ಆಗಲ್ಲ. ಅಣ್ಣತಮ್ಮ ಅಂದ್ರೆ... ಉದಾಹರಣೆಗೆ ಅಂದೆ. ಆ ಮಾತು ಬಿಡಿ.

ಯಾಕೆ ಇಷ್ಟು ನೋಡ್ತಿದೀರಿ? ಒಂದು ಮಾತು ಆಡಿ ಮಾರಾಯ್ರೆ! 'ಕಳ್ಳ' ಅನ್ನಿ, 'ಅಪ್ಪೆಮಿಡಿ ಜಾಡಿಗೆ ಕೈ ಹಾಕಿದಾಗ್ಲೇ ಕೈ ಮುರೀಬೇಕಿತ್ತು' ಅನ್ನಿ. ನಿಮ್ಮ ಬಾಯಿ ಇಷ್ಟೊತ್ತು ಮುಚ್ಚಿದ್ದು ನಾನು ಕಂಡೇ ಇಲ್ಲ. ಭಯ ಆಗುತ್ತೆ.

ಚೀಲದಿಂದ ಏನು ತೆಗೀತಿದೀರಿ? ಲೇಬಲ್ಲು. ಹಳೇ ಲೇಬಲ್ಲು. ಗೊತ್ತು, ನಾನೇ ಮಾಡಿದ್ದು, ನನಗೆ ತೋರಿಸ್ಬೇಕಾ? ಹೆಸರ ಮೇಲೆ ಬೆರಳಿಟ್ಟು ಕುಟ್ಟಬೇಡಿ ಅತ್ತಿಗೆ. ನಿಮ್ಮ ಹೆಸರೇ, ಇಲ್ಲ ಅಂದ್ನಾ? ಆದ್ರೆ ಆ ಅಕ್ಷರಗಳ ತಿರುವು, ಆ 'ಭ'ದ ಗುಂಡು ಹೊಟ್ಟೆ, ಕೊನೇ 'ಮ್ಮ' ಕೆಳಗೆ ಮಾವಿನಮಿಡಿ ಹಾಗೆ ತೂಗೋ ಒತ್ತಕ್ಷರ, ಅದೆಲ್ಲ ಯಾರದ್ದು? ಅಣ್ಣ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತಗೊಂಡು ಮನೇಲಿ ಕೂತಾಗ, ನೀವು ಜಾಡಿ ತುಂಬಿಸಿ 'ಇದಕ್ಕೊಂದು ಚೀಟಿ ಅಂಟಿಸ್ಬೇಕಲ್ಲ ಶಿವರಾಜ' ಅಂದಾಗ, ಹಬ್ಬ ಬಿಟ್ಟು ಕೂತು ಬರೆದವನು ಯಾರು? ಮನೇಲಿ ಬರೀ ಸುಭದ್ರಮ್ಮ ಆಗಿದ್ದ ನಿಮ್ಮನ್ನ ಭದ್ರಾವತಿಯಿಂದ ಆಯನೂರು ತನಕ ಅಂಗಡಿ ಅಂಗಡೀಲಿ ಹೆಸರುವಾಸಿ ಸುಭದ್ರಮ್ಮ ಮಾಡಿದ್ದು ಈ ಲೇಬಲ್ಲು. ಹೆಸರು ನಿಮ್ಮದು, ಅಕ್ಷರ ನನ್ನದು. ಇದರಲ್ಲಿ ನನಗೂ ಒಂದು ಪಾಲಿದೆ ಅಂದ್ರೆ ತಪ್ಪಾ?

ಕಣ್ಣು ಅಷ್ಟು ದೊಡ್ಡದು ಮಾಡ್ಬೇಡಿ.

ಸರಿ, ಕೇಳಿ. ಕರ್ಚೀಫ್ ಹಾಕಿದ್ದು ನಾನೇ. ಆದ್ರೆ ಯಾರಿಗೋಸ್ಕರ? ನಿಮಗೋಸ್ಕರ! ಮನೆಯವರು ಹಿಂದೆ ನಿಧಾನ ಬರ್ತಿದಾರೆ, ಅವರಿಗೊಂದು ಸೀಟು ಇರ್ಲಿ ಅಂತ ಹಿಡಿಯಲ್ವಾ, ಹಾಗೆ. ಆ ಸಭೆಯಿಂದ ಬಂದ ಸಂಜೆಯೇ ಹಿಡಿದೆ. ಅಲ್ಲಿ ಕೂತಿದ್ದ ಅಷ್ಟು ಜನಕ್ಕೆ ನಾನೇ ಹೇಳ್ಬಿಟ್ಟಿದ್ನಲ್ಲ, ಹೆಸರು ಹೇಗೆ ಹಿಡೀಬಹುದು ಅಂತ. ಅವರಲ್ಲಿ ಯಾರಾದ್ರೂ ಹಿಡಿದಿದ್ರೆ? ನಾನು ಹಿಡಿದಿದ್ದಕ್ಕೆ ಅದು ಮನೇಲೇ ಉಳೀತು. ನಿಮಗೆ ಹೇಳಿಲ್ಲ, ಸರಿ, ಹೇಳ್ಬೇಕಿತ್ತು. ಹೇಳೋಣ ಅಂತಾನೇ ಇದ್ದೆ. ಗೌರಿಹಬ್ಬಕ್ಕೆ ಬಾಗಿನದ ಜೊತೆ ಕೊಡೋಣ ಅಂತ...

ಆಗ ಈ ಜನಾರ್ದನ ಬಂದ. ದಾವಣಗೆರೆ ಕಡೆಯವನು, ಮಸಾಲೆ ಪುಡಿ ಕಂಪನಿ ಇದೆ, ಈಗ ಉಪ್ಪಿನಕಾಯಿಗೆ ಕೈ ಹಾಕ್ತಿದಾನೆ. ಅವನಿಗೆ ಒಂದು ಹೆಂಗಸಿನ ಹೆಸರು ಬೇಕಂತೆ, ಮನೆ ಅಡುಗೆ ಅನ್ನೋ ಹಾಗೆ ಕೇಳ್ಬೇಕಂತೆ. ಹೆಂಗಸು ಬೇಕಿಲ್ಲ, ಹೆಸರಿದ್ರೆ ಸಾಕು. ನಿಮಗೆ ಒಂದು ಚೂರೂ ತೊಂದರೆ ಇಲ್ಲ ಅತ್ತಿಗೆ. ಡಬ್ಬದ ಮೇಲೆ ನಿಮ್ಮ ಫೋಟೋನೂ ಹಾಕಲ್ಲ, ಯಾರೋ ಮಾಡೆಲ್ಲಿಗೆ ಬಿಳಿ ಕೂದಲು ಹಚ್ಚಿ ತೆಗೀತಾರಂತೆ. ಅಪ್ಪೆಮಿಡೀನೂ ಅಲ್ಲ, ಎಂಥದೋ ಮಾವು. ನಿಮ್ಮ ಗಿರಾಕಿಗಳು ನಿಮಗೇ ಇರ್ತಾರೆ. ಅಷ್ಟೆ, ನೀವು ಲೇಬಲ್ ಮೇಲೆ ಹೆಸರು ಸ್ವಲ್ಪ ಬದಲಾಯಿಸ್ಬೇಕಾಗ್ಬಹುದು. ಅವನು ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕ್ತಾನೆ. ಆಮೇಲೆ ನೀವು ನಿಮ್ಮ ಹೆಸರು ಹಾಕಿದ್ರೆ ಅದು ಅವನ ಹೆಸರಾಗುತ್ತೆ. ಕಾನೂನು ಹಾಗೆ. ಅಣ್ಣನ ಹೆಸರಲ್ಲಿ 'ಏಕಾಂತಪ್ಪನವರ ಉಪ್ಪಿನಕಾಯಿ' ಅಂತ ಹಾಕೋಣ. ಅಣ್ಣನಿಗೂ ಸಂತೋಷ ಆಗುತ್ತೆ. ಅಕ್ಷರ ನಾನೇ ಚೆನ್ನಾಗಿ ಬರೆದುಕೊಡ್ತೀನಿ.

ಅವನು ಇವತ್ತು ಬರ್ತಾನೆ. ಹೌದು, ಇವತ್ತೇ, ದೀಪ ಹಚ್ಚೋ ಹೊತ್ತಿಗೆ. ಪಾಸ್‌ವರ್ಡ್ ಕೊಟ್ಟುಬಿಟ್ರೆ ಮುಗೀತು. ಅದಕ್ಕೇ ನಿಮಗೆ ಆ ಕುರ್ಚೀಲಿ ಕೂರಬೇಡಿ ಅಂದಿದ್ದು. ಇನ್ನೂ ಕೊಟ್ಟಿಲ್ಲ ಅತ್ತಿಗೆ, ನೋಡಿ, ಸ್ಕ್ರೀನಲ್ಲಿ ಹಾಗೇ ಇದೆ. ಎಲ್ಲ ತಿಳ್ಕೊಂಡೇ ಬಂದಿದ್ದೀರಿ, ಇನ್ನು ನನ್ನ ಹತ್ರ ಮುಚ್ಚೋಕೆ ಏನಿದೆ? ಬೈರಿ ಈಗ. ಬಾಯಿ ತುಂಬ ಬೈರಿ!

ಮತ್ತೆ ಕ್ಯಾಲೆಂಡರ್ ಯಾಕೆ ತೋರಿಸ್ತೀರಿ? ಗಡುವು ಹೇಳಿದ್ನಲ್ಲ... ತಾರೀಖಲ್ವಾ? ಯಾವುದು, ಮೇಲಿನ ಸಾಲಾ? ವಾರ? ಸೋಮವಾರ. ಹೌದು, ಇವತ್ತು ಸೋಮವಾರ. ಶ್ರಾವಣ... ಶ್ರಾವಣ ಸೋಮವಾರ.

ಅಯ್ಯೋ.

ಅತ್ತಿಗೆ... ನೀವು... ಮೌನವ್ರತವಾ?

ತಲೆ ಆಡಿಸಿದ್ರಿ.

ಹಣೆ ತುಂಬ ವಿಭೂತಿ. ಕಾಫಿ ಬೇಡ, ನೀರು ಬೇಡ. ಬಾಯಿ ಮೇಲೆ ಬೆರಳು. ನಾನೊಬ್ಬ... ನಿಮ್ಮ ಮನೇಲಿದ್ದಾಗ ವರ್ಷಪೂರ್ತಿ ಕಾಯ್ತಿದ್ದೆ ಈ ಸೋಮವಾರಗಳಿಗೆ! ಬೆಳಗ್ಗೆಯಿಂದ ದೀಪ ಹಚ್ಚೋ ತನಕ ನೀವು ಮೌನ, ಮನೇಲಿ ಬೈಗುಳ ಇಲ್ಲ ಅಂತ ನಾನೂ ಅಣ್ಣನೂ ಕ್ಯಾಲೆಂಡರ್ ಮೇಲೆ ಸುತ್ತು ಹಾಕಿ ಇಡ್ತಿದ್ವಿ. ಅಣ್ಣ ಬೆಳಗ್ಗೆ ಹೇಳೋಕೆ ಹೊರಟಿದ್ದು ಇದಾ? ಮೌನ ಇದಾಳೆ, ನೀನೇ ಅರ್ಥ ಮಾಡ್ಕೋ ಅಂತ? ನಾನು ಫೋನ್ ಕಟ್ ಮಾಡಿ... ನೆಟ್‌ವರ್ಕ್, ನೆಟ್‌ವರ್ಕ್ ಹೋಯ್ತಲ್ಲ.

ಹಾಗಾದ್ರೆ ಈ ಲೇಬಲ್ಲು... ಬೆರಳು ಮೂರು ಸಲ ಮಡಿಸ್ತಿದೀರಿ, ಮೂರು ಕಟ್ಟು. ಹಬ್ಬಕ್ಕೆ ಮೊದಲು ಹೊಸ ಲೇಬಲ್ಲು ಪ್ರಿಂಟ್ ಆಗ್ಬೇಕು. ಅಷ್ಟೇ. ಪ್ರತಿ ವರ್ಷದ ಹಾಗೆ. ಸೌಂದರ್ಯ ಏನೂ ಹೇಳಿರಲಿಲ್ಲ. ನೀವು ಏನೂ ಕೇಳಿರಲಿಲ್ಲ. ಚೀಲದಲ್ಲಿ ಇನ್ನೇನಿದೆ? ಜಾಡಿ... ನನಗಾ? ನನ್ನ ಹೆಸರು ಬರೆದ ಚೀಟಿ ಅಂಟಿಸಿದ್ದೀರಿ. ಬೇಡ, ಈಗ ಕೊಡ್ಬೇಡಿ. ಒಳಗಿಡಿ. ವಾಪಸ್ ಒಳಗಿಡಿ ಅತ್ತಿಗೆ.

ನಾನು ಈಗ ಹೇಳಿದ್ದೆಲ್ಲ ತಮಾಷೆ ಅಂದ್ರೆ... ನಂಬಲ್ಲ ಅಲ್ವಾ.

ಎದ್ರಾ? ಬಾಗಿಲು ಈ ಕಡೆ. ಬಸ್ಸಿಗೆ ಹೊತ್ತಾಯ್ತು, ನಾನೇ ಸ್ಕೂಟರಲ್ಲಿ ಬಿಡ್ತೀನಿ. ಅತ್ತ ಯಾಕೆ ಹೋಗ್ತೀರಿ? ಅಲ್ಲಿ ಬಸವಣ್ಣನ ಫೋಟೋ ಬಿಟ್ರೆ ಏನೂ ಇಲ್ಲ. ಬೆಂಕಿಪೊಟ್ಟಣ... ಯಾಕೆ ಅತ್ತಿಗೆ? ಇನ್ನೂ ಬೆಳಕಿದೆ. ಹೊರಗೆ ನೋಡಿ, ಮಕ್ಕಳು ಇನ್ನೂ ಆಡ್ತಿದಾವೆ. ಅಂಗಡಿ ದೀಪ ಲೆಕ್ಕಕ್ಕೆ ಬರಲ್ಲ, ಮನೆ ದೀಪಾನೇ ಹಚ್ಚಬೇಕು. ಭದ್ರಾವತಿಗೆ ಹೋಗಿ ನಿಧಾನವಾಗಿ...

ಜನಾರ್ದನ ಅವರೇ! ಒಂದು ನಿಮಿಷ, ಅಲ್ಲೇ ಕಾರಲ್ಲೇ ಕೂತಿರಿ. ಇಳೀಬೇಡಿ! ಇಲ್ಲ, ಯಾರೂ ಇಲ್ಲ ಒಳಗೆ, ಮನೆಯವರು.

ಅತ್ತಿಗೆ, ಆ ದೀಪದಲ್ಲಿ ಎಣ್ಣೆ ಇಲ್ಲ...

ಇದೆ. ಬೆಳಗ್ಗೆ ನಾನೇ ಹಾಕಿದ್ದು.